ಡಿಡಿ, ಪಾರ್ಟ್‌ಕ್ಲೋನ್, ಡಿಡಿರೆಸ್ಕ್ಯೂ: ಲ್ಯಾಬಿನಲ್ಲಿ ಬಳಸಿ ನೋಡಿದ ಹೋಲಿಕೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಒಂದೇ ಮಾದರಿಯ 12 ಕಂಪ್ಯೂಟರುಗಳನ್ನು ನಾನು ನೋಡಿಕೊಳ್ಳುತ್ತೇನೆ. ಉಬುಂಟು ಆಧಾರಿತ ಲಿನಕ್ಸನ್ನು ಒಂದು ಯಂತ್ರಕ್ಕೆ ಹಾಕಿ, ಕನ್ನಡ ಕೀಲಿಮಣೆ, ಫಾಂಟು, ಮಕ್ಕಳ ಖಾತೆ ಎಲ್ಲವನ್ನೂ ಹೊಂದಿಸಿದ ಬಳಿಕ ಅದರ ಡಿಸ್ಕ್ ಇಮೇಜನ್ನು (ಡಿಸ್ಕಿನ ಪೂರ್ಣ ನಕಲನ್ನು) ಉಳಿದ 11ಕ್ಕೆ ಇಳಿಸುವುದು ಪ್ರತಿ ವರ್ಷದ ಕೆಲಸ. ಡಿಸ್ಕ್ ನಕಲಿಸಲು ನಾನು ಬಳಸಿದ ಡಿಡಿ (dd), ಪಾರ್ಟ್‌ಕ್ಲೋನ್ (partclone), ಡಿಡಿರೆಸ್ಕ್ಯೂ (ddrescue) ಎಂಬ ಮೂರು ಲಿನಕ್ಸ್ ಕಮಾಂಡುಗಳ ಅನುಭವವನ್ನು ಇಲ್ಲಿ ಬರೆದಿದ್ದೇನೆ.

ಡಿಡಿ ಎಲ್ಲ ಲಿನಕ್ಸಿನಲ್ಲಿಯೂ ಸಿಗುತ್ತದೆ, ಯಾವ ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ವಿಧಾನ) ಇದ್ದರೂ ಅದಕ್ಕೆ ಅಡ್ಡಿಯಿಲ್ಲ. ಪಾರ್ಟಿಷನ್ ಪಟ್ಟಿ (ಡಿಸ್ಕನ್ನು ವಿಭಾಗಿಸಿದ ವಿವರ), ಯಂತ್ರವನ್ನು ಆರಂಭಿಸುವ ಬೂಟ್ ಭಾಗ ಸಹಿತ ಇಡೀ ಡಿಸ್ಕನ್ನು ಇದ್ದಂತೆಯೇ ನಕಲಿಸುತ್ತದೆ. ಆದರೆ ನಮ್ಮ 500 ಜಿಬಿ ಡಿಸ್ಕಿನಲ್ಲಿ ಬಳಕೆಯಾಗಿದ್ದುದು 38 ಜಿಬಿ ಮಾತ್ರವಾದರೂ ಅದು ಖಾಲಿ ಜಾಗವನ್ನೂ ಬಿಡದೆ ಓದಿ, ಒಂದು ನಕಲಿಗೆ ಒಂದೂವರೆ ಗಂಟೆ ತೆಗೆದುಕೊಂಡಿತು. ಬ್ಲಾಕ್ ಗಾತ್ರವನ್ನು (ಒಮ್ಮೆಗೆ ಓದುವ ತುಂಡಿನ ಅಳತೆಯನ್ನು) ಹೇಳದಿದ್ದರೆ ಅದು 512 ಬೈಟುಗಳಂತೆ ಓದಿ ಇನ್ನೂ ನಿಧಾನವಾಗುವುದರಿಂದ ನಾನು 4 ಎಂಬಿ ಕೊಡುತ್ತೇನೆ. ಇಮೇಜನ್ನು ಸಂಕುಚಿತಗೊಳಿಸಿದರೂ, ಖಾಲಿ ಎನ್ನಿಸಿದ ಜಾಗದಲ್ಲಿ ಅಳಿಸಿದ ಕಡತಗಳ ಹಳೆಯ ಅಂಶಗಳು ಉಳಿದಿರುವುದರಿಂದ ಗಾತ್ರವು ನಿರೀಕ್ಷಿಸಿದಷ್ಟು ಇಳಿಯಲಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಒಮ್ಮೆ ರೀಬೂಟ್ ಮಾಡಿದ ಮೇಲೆ ಲಿನಕ್ಸ್ ಡಿಸ್ಕುಗಳಿಗೆ ಕೊಡುವ ಎಸ್‌ಡಿಎ (sda) ಮತ್ತು ಎಸ್‌ಡಿಬಿ (sdb) ಎಂಬ ಹೆಸರುಗಳು ಅದಲುಬದಲಾಗಿದ್ದುದನ್ನು ಗಮನಿಸದೆ ಎಂಟರ್ ಒತ್ತಿದೆ. ಎರಡು ದಿನ ಕುಳಿತು ಸಿದ್ಧಪಡಿಸಿದ ಮೂಲ ಡಿಸ್ಕಿನ ಮೇಲೆಯೇ ಖಾಲಿ ಡಿಸ್ಕಿನ ಸೊನ್ನೆಗಳು ಬರೆಯಲ್ಪಟ್ಟವು. ಡಿಡಿ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಅಂದಿನಿಂದ ಡಿಸ್ಕುಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ (lsblk) ಕಮಾಂಡಿನಲ್ಲಿ ಡಿಸ್ಕಿನ ಮಾದರಿ ಮತ್ತು ಕ್ರಮಸಂಖ್ಯೆಯನ್ನು ಓದಿ, ಕಾಗದದಲ್ಲಿ ಬರೆದುಕೊಂಡ ನಂತರವೇ ಮುಂದುವರಿಯುತ್ತೇನೆ.

ಪಾರ್ಟ್‌ಕ್ಲೋನ್ ಫೈಲ್ ಸಿಸ್ಟಮನ್ನು ಅರಿತು, ಬಳಕೆಯಲ್ಲಿರುವ ಬ್ಲಾಕುಗಳನ್ನಷ್ಟೇ ನಕಲಿಸುತ್ತದೆ. ಅದೇ 38 ಜಿಬಿ 12 ನಿಮಿಷಗಳಲ್ಲಿ ಮುಗಿಯಿತು. ಒಂದೇ ಮಧ್ಯಾಹ್ನದಲ್ಲಿ ಇಡೀ ಲ್ಯಾಬು ಸಿದ್ಧವಾಯಿತು. ಆದರೆ ಅದು ಕೆಲಸ ಮಾಡುವುದು ಪಾರ್ಟಿಷನ್ ಮಟ್ಟದಲ್ಲಿ: ಪಾರ್ಟಿಷನ್ ಪಟ್ಟಿಯನ್ನು ಎಸ್‌ಎಫ್‌ಡಿಸ್ಕ್ (sfdisk) ಕಮಾಂಡಿನ ಮೂಲಕ ಬೇರೆಯಾಗಿ ಉಳಿಸಿಕೊಳ್ಳಬೇಕು, ಇಳಿಸುವ ಪಾರ್ಟಿಷನ್ ಮೂಲದ್ದಕ್ಕಿಂತ ಚಿಕ್ಕದಾಗಿರಬಾರದು. ಡಿಡಿಯ ಇಮೇಜನ್ನು ಲೂಪ್ ಸಾಧನವಾಗಿ (ಕಡತವನ್ನೇ ಡಿಸ್ಕಿನಂತೆ ತೆರೆಯುವ ವ್ಯವಸ್ಥೆ) ಜೋಡಿಸಿ ಒಂದು ಕಡತವನ್ನು ಮಾತ್ರ ಹೊರತೆಗೆಯುವ ಅನುಕೂಲವು ಪಾರ್ಟ್‌ಕ್ಲೋನಿನ ಇಮೇಜಿನಲ್ಲಿ ನೇರವಾಗಿ ಸಿಗುವುದಿಲ್ಲ. ಇಷ್ಟಾಗಿಯೂ ಲ್ಯಾಬಿನ ನಕಲು ಕೆಲಸಕ್ಕೆ ನನ್ನ ಆಯ್ಕೆ ಇದೇ. ಯಾವುದರಿಂದ ನಕಲಿಸಿದರೂ ಪ್ರತಿ ಯಂತ್ರದಲ್ಲಿ ಮಷೀನ್-ಐಡಿ (ಯಂತ್ರದ ಗುರುತಿನ ಸಂಖ್ಯೆ) ಮತ್ತು ಹೋಸ್ಟ್ ಹೆಸರನ್ನು (ಜಾಲದಲ್ಲಿ ಯಂತ್ರದ ಹೆಸರು) ಬದಲಿಸಲೇಬೇಕು. ಇಲ್ಲದಿದ್ದರೆ ಎರಡು ಯಂತ್ರಗಳಿಗೆ ಒಂದೇ ಐಪಿ ವಿಳಾಸ ಬರುವ ತೊಂದರೆಯುಂಟು.

ಡಿಡಿರೆಸ್ಕ್ಯೂವಿನ ಮಹತ್ವ ತಿಳಿದದ್ದು ಮಳೆಗಾಲದ ಆಟಿ ತಿಂಗಳಲ್ಲಿ. ಕಚೇರಿಯ ಹಳೆಯ ಡಿಸ್ಕು ಟಿಕ್ ಟಿಕ್ ಸದ್ದು ಮಾಡತೊಡಗಿತ್ತು. ಡಿಡಿ ಮೊದಲ ದೋಷದಲ್ಲಿಯೇ ನಿಂತುಬಿಟ್ಟಿತು. ಡಿಡಿರೆಸ್ಕ್ಯೂ ಚೆನ್ನಾಗಿರುವ ಭಾಗಗಳನ್ನು ಮೊದಲು ಎತ್ತಿಕೊಂಡು, ಕೆಟ್ಟ ಭಾಗಗಳಿಗೆ ಕೊನೆಯಲ್ಲಿ ಮರಳಿ ಬರುತ್ತದೆ. ನಡುವೆ ತಂತಿಯ ಮೇಲೆ ತೆಂಗಿನ ಮಡಲು ಬಿದ್ದು ಕರೆಂಟು ಹೋಯಿತು. ಬೆಳಿಗ್ಗೆ ಅದೇ ಕಮಾಂಡನ್ನು, ಅದೇ ಮ್ಯಾಪ್ ಕಡತದೊಂದಿಗೆ (ಎಷ್ಟು ನಕಲಾಗಿದೆ ಎಂದು ಅದು ಬರೆದಿಡುವ ಕಡತ) ಕೊಟ್ಟಾಗ ನಕಲು ಆರಂಭಕ್ಕೆ ಹೋಗದೆ, ನಿಂತಲ್ಲಿಂದಲೇ ಮುಂದುವರಿಯಿತು. ಉಳಿದೆರಡರಲ್ಲಿ ಈ ಗುಣವಿಲ್ಲ. ಸದ್ದು ಮಾಡುವ ಡಿಸ್ಕು ಕೈಗೆ ಬಂದರೆ ನಾನು ಈಗ ಬೇರೇನನ್ನೂ ಪ್ರಯತ್ನಿಸದೆ ಇದನ್ನೇ ಮೊದಲು ನಡೆಸುತ್ತೇನೆ, ಮ್ಯಾಪ್ ಕಡತವನ್ನು ಮೂರನೆಯ ಡಿಸ್ಕಿನಲ್ಲಿ ಇಡುತ್ತೇನೆ.