ಸೂಜಿ ಚುಚ್ಚದೆ ಶುಗರ್ ಹೇಳುವ ವಾಚ್ ಅಂದರೆ ದಯವಿಟ್ಟು ನಂಬಬೇಡಿ

ಮೊದಲೇ ಹೇಳಿಬಿಡುತ್ತೇನೆ. ಸೂಜಿ ಬೇಡ, ರಕ್ತ ಬೇಡ, ಕೈಗೆ ಕಟ್ಟಿದರೆ ಶುಗರ್ ಗೊತ್ತಾಗುತ್ತದೆ ಅನ್ನುವ ವಾಚನ್ನು ಯಾರೂ ಕೊಳ್ಳಬೇಡಿ. ಈಗಾಗಲೇ ಕೊಂಡಿದ್ದರೆ ಅದರಲ್ಲಿ ಬರುವ ಶುಗರ್ ನೋಡಿ ಮಾತ್ರೆಯನ್ನಾಗಲಿ ಊಟವನ್ನಾಗಲಿ ಹೆಚ್ಚು ಕಡಿಮೆ ಮಾಡಬೇಡಿ. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ಇಷ್ಟು ಓದಿ, ಮನೆಯಲ್ಲಿ ಶುಗರ್ ಇರುವವರಿಗೆ ಓದಿ ಹೇಳಿ.

ನಾನು ಮೈಸೂರಿನವಳು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಅದಕ್ಕೇ ಇದನ್ನು ಬರೆಯಲು ಇಷ್ಟು ದಿನ ನಾಚಿಕೆಯಾಗಿ ಸುಮ್ಮನಿದ್ದೆ. ಮೊನ್ನೆ ಅದೇ ಜಾಹೀರಾತು ಮತ್ತೆ ನನ್ನ ಫೋನಿನಲ್ಲಿ ಬಂತು. ಅದೇ ವಾಚ್, ಅದೇ ಮಾತು. ಇನ್ನು ಸುಮ್ಮನಿರುವುದು ತಪ್ಪು ಅನ್ನಿಸಿತು.

ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ವಾಕಿಂಗ್ ಹೋಗುತ್ತೇನೆ. ಅಲ್ಲಿ ಜೊತೆಗೆ ಬರುವವರೆಲ್ಲರ ಕೈಯಲ್ಲೂ ಒಂದೊಂದು ವಾಚ್. ಇವತ್ತು ಎಷ್ಟು ಹೆಜ್ಜೆ, ಎಷ್ಟು ಕ್ಯಾಲರಿ ಅಂತ ಮಾತು. ನನಗೂ ಒಂದು ಇರಲಿ ಅಂತ ಹುಡುಕುತ್ತಿದ್ದೆ. ನನಗೆ ಬೇಕಿದ್ದದ್ದು ಹೆಜ್ಜೆ ಎಣಿಕೆ, ನಾಡಿ ಬಡಿತ, ಅಷ್ಟೇ. ಎರಡು ದಿನ ಹುಡುಕಿದ ಮೇಲೆ ಫೋನ್ ತೆಗೆದರೆ ವಾಚಿನ ಜಾಹೀರಾತೇ. ದಸರಾ ಆಫರ್ ಅಂತ ಈ ವೀಡಿಯೋ ಬಂತು. ಅದರಲ್ಲಿ ಒಬ್ಬ ಅಜ್ಜ ಬೆರಳಿಗೆ ಸೂಜಿ ಚುಚ್ಚಿಕೊಂಡು ಮುಖ ಹಿಂಡುತ್ತಾರೆ. ಮೊಮ್ಮಗಳು ಬಂದು ಅವರ ಗ್ಲೂಕೋಮೀಟರ್ ಕಿತ್ತುಕೊಂಡು ಕಸದ ಬುಟ್ಟಿಗೆ ಹಾಕುತ್ತಾಳೆ. ಕೈಗೆ ವಾಚ್ ಕಟ್ಟುತ್ತಾಳೆ. ಪರದೆ ಮೇಲೆ ಶುಗರ್, ಬಿಪಿ, ಆಕ್ಸಿಜನ್ ಎಲ್ಲ ಹಸಿರು ಅಕ್ಷರದಲ್ಲಿ ಬರುತ್ತದೆ.

ಆ ಕಸದ ಬುಟ್ಟಿಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಹೇಳುತ್ತೇನೆ.

ನಮ್ಮಮ್ಮನಿಗೆ ಎಪ್ಪತ್ತೊಂದು ವರ್ಷ. ಶುಗರ್ ಬಂದು ಹದಿನಾಲ್ಕು ವರ್ಷವಾಯಿತು. ಬೆರಳ ತುದಿಯೆಲ್ಲ ಚುಚ್ಚಿ ಚುಚ್ಚಿ ಗಟ್ಟಿಯಾಗಿದೆ. ಆ ವೀಡಿಯೋ ನೋಡಿದಾಗ ನನಗೆ ಕಂಡದ್ದು ಆ ಅಜ್ಜನ ಬೆರಳಲ್ಲ, ಅಮ್ಮನ ಬೆರಳು. ಒಂದಕ್ಕೆ 2,999 ರೂಪಾಯಿ, ಎರಡಕ್ಕೆ 4,999. ನನಗೊಂದು, ಅಮ್ಮನಿಗೊಂದು. ಆ ಕಂಪನಿಯ ಸೈಟಿನಲ್ಲೇ ದುಡ್ಡು ಕಟ್ಟಿದೆ. ವಿಮರ್ಶೆ ಓದಿದ್ದೆ, ಓದಲಿಲ್ಲ ಅಂತಲ್ಲ. ಈಗ ಮತ್ತೆ ಓದಿದರೆ ಗೊತ್ತಾಗುತ್ತದೆ, ಐದು ಸ್ಟಾರ್ ಕೊಟ್ಟವರೆಲ್ಲ ಬರೆದದ್ದು ಪ್ಯಾಕಿಂಗ್ ಚೆನ್ನಾಗಿದೆ, ಎರಡೇ ದಿನಕ್ಕೆ ಬಂತು ಅಂತ. ಗ್ಲೂಕೋಮೀಟರ್ ಜೊತೆ ಹೋಲಿಸಿ ನೋಡಿದೆ ಅಂತ ಒಬ್ಬರೂ ಬರೆದಿರಲಿಲ್ಲ.

ವಾಚ್ ಬಂತು. ಆ್ಯಪ್ ಹಾಕಿದೆ. ವಯಸ್ಸು, ಎತ್ತರ, ತೂಕ ಕೇಳಿತು. ಸಾಮಾನ್ಯವಾಗಿ ಬಿಪಿ ಎಷ್ಟಿರುತ್ತದೆ, ಶುಗರ್ ಎಷ್ಟಿರುತ್ತದೆ ಅಂತಲೂ ಕೇಳಿತು. ಅಮ್ಮನದಕ್ಕೆ 115 ಅಂತ ಹಾಕಿದೆ, ನನ್ನದಕ್ಕೆ 95. ಡಾಕ್ಟರ ಹತ್ತಿರ ಹೋದರೂ ಹಳೆಯದನ್ನೆಲ್ಲ ಕೇಳುತ್ತಾರಲ್ಲ, ಹಾಗೇ ಅಂದುಕೊಂಡೆ.

ಕೆರೆ ಸುತ್ತ ನಡೆದಾಗ ನೂರು ಹೆಜ್ಜೆ ಬಾಯಲ್ಲಿ ಎಣಿಸಿ ನೋಡಿದೆ. ವಾಚ್ 103 ತೋರಿಸಿತು. ನಾಡಿಯೂ ಕೂತಿದ್ದಾಗ ಸುಮಾರಾಗಿ ಸರಿ ಇತ್ತು. ನಮ್ಮನ್ನು ಕೆಡಿಸಿದ್ದೇ ಇದು. ಹೆಜ್ಜೆ ಸರಿ ಇದೆ, ನಾಡಿ ಸರಿ ಇದೆ, ಹಾಗಾದರೆ ಶುಗರೂ ಸರಿ ಇರಬೇಕು ಅಂದುಕೊಂಡೆವು. ಅಮ್ಮನ ವಾಚಿನಲ್ಲಿ ದಿನಾ 112, 117, 114 ಹೀಗೆ ಬರುತ್ತಿತ್ತು. ಅಮ್ಮನಿಗೆ ಖುಷಿಯೋ ಖುಷಿ. "ಈ ಸಲ ಮೆಂತ್ಯದ ನೀರು ಚೆನ್ನಾಗಿ ಹಿಡಿದಿದೆ ಕಣೇ" ಅನ್ನುತ್ತಿದ್ದರು. ಗ್ಲೂಕೋಮೀಟರ್ ಡಬ್ಬಿ ಬೀರುವಿನ ಮೇಲಿನ ಅರೆಗೆ ಹೋಯಿತು. ಹಾಕಿದವಳು ನಾನೇ.

ಒಂದು ತಿಂಗಳಾಗುತ್ತಾ ಬಂದಿತ್ತು. ಆವತ್ತು ಸಂಕಷ್ಟಿ. ಅಮ್ಮ ಎಷ್ಟು ಬೇಡವೆಂದರೂ ಸಂಕಷ್ಟಿ ಬಿಡುವುದಿಲ್ಲ. ಅದಕ್ಕೆ ಡಾಕ್ಟರು ಒಂದು ದಾರಿ ಹೇಳಿದ್ದರು. ಉಪವಾಸದ ದಿನ ಗ್ಲೂಕೋಮೀಟರಿನಲ್ಲಿ ಮೂರು ನಾಲ್ಕು ಸಲ ನೋಡಿಕೊಳ್ಳಿ, ಇಳಿಯುತ್ತಿದೆ ಅನ್ನಿಸಿದರೆ ಚಂದ್ರ ಬರುವ ತನಕ ಕಾಯಬೇಡಿ, ತಕ್ಷಣ ಏನಾದರೂ ತಿನ್ನಿ ಅಂತ. ಗ್ಲಿಮೆಪಿರೈಡ್ ಇರುವ ಮಾತ್ರೆ ಬೇರೆ, ನುಂಗಿ ಹೊಟ್ಟೆ ಖಾಲಿ ಬಿಟ್ಟರೆ ಶುಗರ್ ಇಳಿದುಬಿಡುತ್ತದೆ. ವರ್ಷಗಟ್ಟಲೆ ಅಮ್ಮ ಹಾಗೇ ನೋಡಿಕೊಂಡು ಬಂದಿದ್ದರು. ಒಂದು ಸಲವೂ ತೊಂದರೆ ಆಗಿರಲಿಲ್ಲ. ಈ ಸಲ ಗ್ಲೂಕೋಮೀಟರ್ ಬದಲು ವಾಚ್ ನೋಡಿಕೊಂಡರು.

ನಾನು ಶಾಲೆಯಿಂದ ಬಂದಾಗ ಐದು ಗಂಟೆ ಹತ್ತಿರ. ಅಮ್ಮ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಮೈಯೆಲ್ಲ ಬೆವರು, ರವಿಕೆ ಒದ್ದೆ. ಕೈ ನಡುಗುತ್ತಿತ್ತು. "ಏನಾಯ್ತಮ್ಮಾ" ಅಂದರೆ ಮಾತು ತೊದಲು. ಆ ನಡುಗುವ ಕೈಯನ್ನೇ ಎತ್ತಿ ವಾಚ್ ತೋರಿಸಿದರು. "ಶುಗರ್ ಸರಿ ಇದೆ, ನೋಡು. ಸೆಕೆಗೆ ಇರಬೇಕು."

ವಾಚಿನಲ್ಲಿ 116.

ನಾನೂ ಅದನ್ನು ನೋಡಿ ನಂಬಿದೆ. ಇದನ್ನು ಬರೆಯುವಾಗ ಈಗಲೂ ಕೈ ತಣ್ಣಗಾಗುತ್ತದೆ. ಬೆವರು, ನಡುಕ, ತೊದಲು, ಇದು ಶುಗರ್ ಇಳಿದದ್ದರ ಲಕ್ಷಣ ಅಂತ ನನಗೆ ಗೊತ್ತಿಲ್ಲದ್ದಲ್ಲ. ಆದರೂ ಫ್ಯಾನ್ ಹಾಕಿದೆ, ನೀರು ಕುಡಿಸಿದೆ, ಬಿಪಿ ಇರಬಹುದು ಅಂತ ಅದೇ ವಾಚಿನಲ್ಲಿ ಬಿಪಿ ನೋಡಿದೆ. ಅದೂ 128/81, ಚೆನ್ನಾಗಿದೆ. ಹತ್ತು ನಿಮಿಷ ಹಾಳು ಮಾಡಿದೆ. ಅಮ್ಮ ಕಣ್ಣು ಮುಚ್ಚತೊಡಗಿದಾಗ ಭಯವಾಗಿ ಬೀರುವಿನ ಮೇಲಿನಿಂದ ಡಬ್ಬಿ ಎಳೆದು ಬೆರಳು ಚುಚ್ಚಿದೆ.

54.

ವಾಚ್ 116 ಅನ್ನುತ್ತಿದೆ, ರಕ್ತ 54 ಅನ್ನುತ್ತಿದೆ. 70ಕ್ಕಿಂತ ಕೆಳಗೆ ಬಂದರೆ ತಕ್ಷಣ ಸಕ್ಕರೆ ಕೊಡಬೇಕು. ಪುಣ್ಯಕ್ಕೆ ಅಮ್ಮನಿಗೆ ಇನ್ನೂ ನುಂಗುವಷ್ಟು ಎಚ್ಚರ ಇತ್ತು. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿದೆ. ಕಾಲು ಗಂಟೆ ಬಿಟ್ಟು ಚುಚ್ಚಿದರೆ 83. ಆಮೇಲೆ ಅನ್ನ ಮೊಸರು ತಿನ್ನಿಸಿದೆ. ಅಷ್ಟೂ ಹೊತ್ತು ವಾಚ್ ಏನು ತೋರಿಸುತ್ತಿತ್ತು ಗೊತ್ತಾ? 113. 115. 117.

ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಮ್ಮನ ಮಗ ಬಂದಿದ್ದ, ಪಿಯುಸಿ ಓದುತ್ತಾನೆ. "ಅತ್ತೆ, ಎರಡೂ ವಾಚ್ ಅಜ್ಜಿಯ ಒಂದೇ ಕೈಗೆ ಕಟ್ಟಿ ನೋಡೋಣ" ಅಂದ. ಕಟ್ಟಿದೆವು. ಒಂದೇ ಕೈ, ಒಂದೇ ಹೊತ್ತು. ಅಮ್ಮನ ವಾಚಿನಲ್ಲಿ 117, ನನ್ನ ವಾಚಿನಲ್ಲಿ 94.

ಆಗ ನನಗೆ ಹೊಳೆಯಿತು. 115, 95. ಆ್ಯಪಿನಲ್ಲಿ ನಾನೇ ಬರೆದ ಸಂಖ್ಯೆಗಳು. ಅಮ್ಮನ ಆ್ಯಪ್ ತೆಗೆದು 115 ಅಳಿಸಿ 180 ಅಂತ ಹಾಕಿದೆ. ಮತ್ತೆ ನೋಡಿದರೆ 178. ಇನ್ನೊಮ್ಮೆ, 183. ಅಮ್ಮನ ಮೈಯಲ್ಲಿ ಏನೂ ಬದಲಾಗಿಲ್ಲ, ಆ್ಯಪಿನಲ್ಲಿ ನಾನು ಬರೆದದ್ದು ಬದಲಾಗಿದೆ, ಅಷ್ಟೇ. ಹುಡುಗ ಅದನ್ನು ಬಿಚ್ಚಿ ಅಡುಗೆಮನೆಯಲ್ಲಿದ್ದ ಸೌತೆಕಾಯಿಗೆ ಕಟ್ಟಿದ. ಸೌತೆಕಾಯಿಗೆ ನಾಡಿ 72, ಶುಗರ್ 181. ಬಿಪಿ ಕೂಡ ಇತ್ತು! (ವಸ್ತುವಿಗೆ ಕಟ್ಟಿದರೆ ಒಳ್ಳೆಯ ವಾಚುಗಳೂ ಕೆಲವೊಮ್ಮೆ ಏನೋ ಒಂದು ನಾಡಿ ತೋರಿಸುತ್ತವೆ, ಬೆಳಕು ವಾಪಸ್ ಬರುವುದರಿಂದ. ಅದನ್ನು ನಾನು ದೊಡ್ಡದು ಮಾಡುವುದಿಲ್ಲ. ಆದರೆ ಶುಗರ್?) ಒಂದು ತಿಂಗಳು ನಾನು ಬರೆದ ಸಂಖ್ಯೆಯನ್ನೇ ಸ್ವಲ್ಪ ಹಿಂದೆ ಮುಂದೆ ಮಾಡಿ ನನಗೇ ವಾಪಸ್ ಹೇಳುತ್ತಿತ್ತು. ಅದನ್ನು ನೋಡಿ ಅಮ್ಮ ಮಾತ್ರೆ ನುಂಗುತ್ತಿದ್ದರು. ಅದನ್ನು ನೋಡಿ ಉಪವಾಸ ಮಾಡುತ್ತಿದ್ದರು.

ಈಗ ಕಂಪನಿಯವರ ಉತ್ತರ ಕೇಳಿ.

ಅದೇ ರಾತ್ರಿ ಚಾಟ್‌ನಲ್ಲಿ ಬರೆದೆ. ನಮ್ಮ ತಾಯಿ ಎಚ್ಚರ ತಪ್ಪುವ ಹಂತಕ್ಕೆ ಹೋಗಿದ್ದರು, ನಿಮ್ಮ ವಾಚ್ 116 ತೋರಿಸುತ್ತಿತ್ತು ಅಂತ. ಬಂದ ಉತ್ತರ: "ಪ್ರಿಯ ಗ್ರಾಹಕರೇ, ವಾಚನ್ನು ಮಣಿಕಟ್ಟಿನ ಮೂಳೆಗಿಂತ ಎರಡು ಬೆರಳು ಮೇಲೆ ಬಿಗಿಯಾಗಿ ಕಟ್ಟಿ, ಕೈ ಅಲ್ಲಾಡಿಸದೆ ಮತ್ತೆ ಪ್ರಯತ್ನಿಸಿ." ತಾಯಿ ಬಿದ್ದುಹೋಗುತ್ತಿದ್ದರು ಅಂದರೆ ಬಿಗಿಯಾಗಿ ಕಟ್ಟಿ ಅನ್ನುತ್ತಾರೆ. ಎರಡು ವಾಚಿನ ಫೋಟೋ ಕಳಿಸಿದೆ, ಸೌತೆಕಾಯಿ ವೀಡಿಯೋ ಕಳಿಸಿದೆ. "ಆ್ಯಪ್ ಅಪ್‌ಡೇಟ್ ಮಾಡಿಕೊಳ್ಳಿ." ದುಡ್ಡು ವಾಪಸ್ ಕೊಡಿ ಅಂದೆ. "ಏಳು ದಿನ ಮುಗಿದಿದೆ, ಅದೂ ಬಾಕ್ಸ್ ತೆರೆದಿದ್ದರೆ ಬರೀ ಬದಲಿ ವಾಚ್." ಬದಲಿ ವಾಚ್ ತಗೊಂಡು ಏನು ಮಾಡಲಿ? ಇನ್ನೊಂದು ಸುಳ್ಳು ಹೇಳುವ ವಾಚ್ ಅಲ್ವಾ ಅದು?

ಮೂರು ದಿನ ಬಿಟ್ಟು ಒಬ್ಬರು ಫೋನ್ ಮಾಡಿದರು. ಮಾತು ತುಂಬ ಮೃದು. "ಮೇಡಂ, ಇದು ಮೆಡಿಕಲ್ ಡಿವೈಸ್ ಅಲ್ಲ, ವೆಲ್‌ನೆಸ್ ಪ್ರಾಡಕ್ಟ್. ರೀಡಿಂಗ್ ರೆಫರೆನ್ಸ್‌ಗೆ ಮಾತ್ರ. ಒಳಗಿನ ಚೀಟಿಯಲ್ಲಿ ಬರೆದಿದೆ." ತೆಗೆದು ನೋಡಿದೆ. ಹೌದು, ಬರೆದಿದೆ. ಮಡಚಿದ ಕಾಗದದ ಕೊನೆಯ ಪುಟದಲ್ಲಿ, ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ಹಾಗಾದರೆ ಜಾಹೀರಾತಿನಲ್ಲಿ ಗ್ಲೂಕೋಮೀಟರನ್ನು ಕಸದ ಬುಟ್ಟಿಗೆ ಯಾಕೆ ಹಾಕಿಸಿದಿರಿ ಅಂತ ಕೇಳಿದೆ. "ಅದು ಮಾರ್ಕೆಟಿಂಗ್‌ನವರದ್ದು ಮೇಡಂ, ನಮಗೆ ಸಂಬಂಧ ಇಲ್ಲ." ನಾನು ಬಿಡಲಿಲ್ಲ, ಇನ್ನೂ ಕೇಳಿದೆ. ಆಗ ಹೇಳಿದರು: "ಈ ರೇಟಿಗೆ ಶುಗರ್ ಕರೆಕ್ಟಾಗಿ ಬರುತ್ತೆ ಅಂತ ನೀವು ಹೇಗೆ ನಂಬಿದಿರಿ ಮೇಡಂ?"

ನೀವು ಹೇಗೆ ನಂಬಿದಿರಿ. ನೀವೇ ಅಲ್ವಾ ನಂಬಿಸಿದ್ದು? ಸಿಟ್ಟಿಗೆ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಫೋನ್ ಇಟ್ಟ ಮೇಲೆ ಅತ್ತೆ. ಆ ಒಂದು ಮಾತು ಇವತ್ತಿಗೂ ಕಿವಿಯಲ್ಲಿದೆ.

ಆಮೇಲೆ ಕೂತು ಓದಿದೆ. ಕೊಳ್ಳುವ ಮೊದಲೇ ಓದಬೇಕಿತ್ತು. ಔಷಧಿ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲೇ ಎಚ್ಚರಿಕೆ ಕೊಟ್ಟಿದೆ. ಚರ್ಮ ಚುಚ್ಚದೆ ತಾನಾಗಿಯೇ ಶುಗರ್ ಅಳೆಯುವ ಯಾವ ವಾಚಿಗೂ ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ, ಬಳಸಬೇಡಿ ಅಂತ. ವಾಚಿನ ಹಿಂದೆ ಮಿನುಗುವ ಹಸಿರು ಬೆಳಕು ನೋಡುವುದು ರಕ್ತ ಬಡಿದು ಹರಿಯುವುದನ್ನು. ಅದರಿಂದ ನಾಡಿ ಲೆಕ್ಕ ಹಾಕಬಹುದು. ರಕ್ತದಲ್ಲಿ ಎಷ್ಟು ಸಕ್ಕರೆ ಇದೆ ಅಂತ ಆ ಬೆಳಕಿಗೆ ಕಾಣುವುದಿಲ್ಲ. ಹಗಲೂ ರಾತ್ರಿ ಶುಗರ್ ಅಳೆಯುತ್ತಲೇ ಇರುವ, ತೋಳಿಗೆ ಅಂಟಿಸುವ ಸಿಜಿಎಂ ಅಂತ ಬರುತ್ತದಲ್ಲ, ಅದರ ರೀಡಿಂಗ್ ಕೆಲವು ವಾಚಿನಲ್ಲಿ ನೋಡಬಹುದು, ಅದು ಬೇರೆ. ಅದರಲ್ಲಿ ಕೂದಲಿನಷ್ಟು ತೆಳ್ಳಗಿನ ತಂತು ಚರ್ಮದ ಒಳಗೆ ಇರುತ್ತದೆ. ಅಳೆಯುವುದು ಆ ತಂತು, ವಾಚ್ ಬರೀ ತೋರಿಸುತ್ತದೆ.

ಬಿಪಿಯದ್ದೂ ಹೆಚ್ಚು ಕಡಿಮೆ ಇದೇ ಕಥೆ. ಸ್ಯಾಮ್‌ಸಂಗ್ ವಾಚಿನಲ್ಲಿ ಬಿಪಿ ನೋಡಬೇಕಾದರೂ ಮೊದಲು ತೋಳಿಗೆ ಪಟ್ಟಿ ಸುತ್ತುವ ಬಿಪಿ ಮೆಷಿನ್ನಿನಲ್ಲಿ ಅಳೆದು ಹೊಂದಿಸಬೇಕು, 28 ದಿನಕ್ಕೊಮ್ಮೆ ಮತ್ತೆ ಹೊಂದಿಸಬೇಕು. ಅಷ್ಟು ದೊಡ್ಡ ಕಂಪನಿಯೇ ಹಾಗೆ ಹೇಳುವಾಗ, ಸುಮ್ನೆ ಕಟ್ಟಿದ ಕೂಡಲೇ ಬಿಪಿ ಹೇಳುವ ವಾಚ್ ಎಲ್ಲಿಂದ ಹೇಳುತ್ತದೆ?

ಡಾಕ್ಟರ ಹತ್ತಿರ ಹೋದಾಗ ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮಿಸ್ಸೇ, ನೀವೂನಾ?" ಅಂದರು, ಅಷ್ಟೇ. ಅವರ ಮಗಳು ನಮ್ಮ ಶಾಲೆಯಲ್ಲೇ ಓದಿದವಳು.

ವಾಕಿಂಗಿಗೆ ವಾಚ್ ಬೇಕೆನ್ನುವವರು ತಗೊಳ್ಳಿ, ನಾನು ಬೇಡ ಅನ್ನುವುದಿಲ್ಲ. ಹೆಜ್ಜೆ, ನಾಡಿ, ನಿದ್ದೆ ಇಷ್ಟಕ್ಕೆ ಮಾತ್ರ ತಗೊಳ್ಳಿ. ಬಂದ ದಿನವೇ ನೂರು ಹೆಜ್ಜೆ ಎಣಿಸಿ ನೋಡಿ. ನಾಡಿಯನ್ನು ಬೆರಳಿಟ್ಟು ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ ನೋಡಿ. ಅವೆರಡು ಸರಿ ಬಂದವು ಅಂತ ಬೇರೆಯದನ್ನು ನಂಬಬೇಡಿ, ನಾನು ಬಿದ್ದದ್ದು ಅಲ್ಲೇ. ಆ್ಯಪ್ ನಿಮ್ಮ ಶುಗರ್ ಎಷ್ಟು ಅಂತ ನಿಮ್ಮನ್ನೇ ಕೇಳಿತು ಅಂದರೆ ಅವತ್ತೇ ವಾಪಸ್ ಮಾಡಿ, ಏಳು ದಿನ ಬಿಡಬೇಡಿ. ಬಾಕ್ಸ್, ಬಿಲ್, ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನಾನು ಮೊದಲು ಸ್ಕ್ರೀನ್‌ಶಾಟ್ ತೆಗೆದಿರಲಿಲ್ಲ. ಮೊನ್ನೆ ಜಾಹೀರಾತು ಮತ್ತೆ ಬಂದದ್ದು ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು, ಪೂರ್ತಿ ರೆಕಾರ್ಡ್ ಮಾಡಿಕೊಂಡೆ.

1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆನ್‌ಲೈನ್ ಮಾರುವವರು ದೂರು ಬಂತು ಅಂತ 48 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು ಅಂತ 2020ರ ಇ-ಕಾಮರ್ಸ್ ನಿಯಮದಲ್ಲೇ ಇದೆ. ದೂರು ಕೊಟ್ಟ ಮೇಲೆ ಕಂಪನಿಯಿಂದ ಮತ್ತೆ ಫೋನ್ ಬಂತು. ದೂರು ವಾಪಸ್ ತಗೊಂಡರೆ ಮುಂದಿನ ಖರೀದಿಗೆ 500 ರೂಪಾಯಿ ಕೂಪನ್ ಕೊಡುತ್ತಾರಂತೆ. ಮುಂದಿನ ಖರೀದಿ! ಬೇಡ ಅಂದೆ. ದುಡ್ಡು ಇನ್ನೂ ಬಂದಿಲ್ಲ. ಬಾರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವೂ ಇಲ್ಲ.

ಗ್ಲೂಕೋಮೀಟರ್ ಈಗ ಅಮ್ಮನ ದಿಂಬಿನ ಪಕ್ಕದಲ್ಲೇ ಇದೆ, ಒಂದು ಡಬ್ಬಿ ಸಕ್ಕರೆ ಜೊತೆಗೆ. ಬರುವ ಮಂಗಳವಾರ ಮತ್ತೆ ಸಂಕಷ್ಟಿ. ಈ ಸಲ ನಾನು ರಜೆ ಹಾಕಿದ್ದೇನೆ.