ಗಾವೊಕಾವೊ ಇಂಗ್ಲಿಷ್: ಆಲಿಸುವುದಕ್ಕೂ ಓದುವುದಕ್ಕೂ ನಾವು ಮಾಡಿ ನೋಡಿದ ಅಭ್ಯಾಸಗಳ ಹೋಲಿಕೆ

ಚೀನಾದ ಜಿಯಾಂಗ್ಸು ಪ್ರಾಂತದ ಸುಝೌ ನಗರದಲ್ಲಿ ನಾವಿರುವ ಮನೆಯ ಮೇಲಿನ ಮಹಡಿಯ ಹುಡುಗಿ 2023ರ ಸೆಪ್ಟೆಂಬರಿನಲ್ಲಿ ಗಾವೊಸಾನ್‌ಗೆ, ಅಂದರೆ ಪ್ರೌಢಶಾಲೆಯ ಕೊನೆಯ ವರ್ಷಕ್ಕೆ (ನಮ್ಮ ಹನ್ನೆರಡನೆಯ ತರಗತಿಗೆ ಸಮ) ಬಂದಳು. ಆ ವರ್ಷದ ಕೊನೆಗೆ ಅವಳು ಬರೆಯಬೇಕಾದದ್ದು ಗಾವೊಕಾವೊ, ಅಂದರೆ ಚೀನಾದ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆ. ಭಾನುವಾರ ಮಧ್ಯಾಹ್ನ ಅವಳೊಡನೆ ಕುಳಿತು ಇಂಗ್ಲಿಷ್ ಅಭ್ಯಾಸ ಮಾಡಿಸಲು ಸಾಧ್ಯವೇ ಎಂದು ಅವಳ ತಾಯಿ ಕೇಳಿದರು. ಹಣದ ಮಾತಿಲ್ಲದ ನೆರೆಹೊರೆಯ ಸಹಾಯವಾದ್ದರಿಂದ ನಾನು ಸಂತೋಷದಿಂದ ಒಪ್ಪಿಕೊಂಡೆ. ಹುಡುಗಿ ನನ್ನನ್ನು ‘ಆಯೀ’ ಎಂದು ಕರೆಯುತ್ತಾಳೆ. ಚೀನೀ ಭಾಷೆಯಲ್ಲಿ ತಾಯಿಯ ವಯಸ್ಸಿನ ಹೆಂಗಸರನ್ನು ಕರೆಯುವ ಪದ ಅದು. ಧಾರವಾಡದ ಕಡೆಯವಳಾದ ನನಗೆ ಆಯಿ ಎಂದರೆ ಅಜ್ಜಿ, ಹಾಗಾಗಿ ಆ ಕರೆ ಮೊದಲ ದಿನದಿಂದಲೇ ಮನಸ್ಸಿಗೆ ಹತ್ತಿರವಾಯಿತು. ಅಲ್ಲಿಂದ ಮುಂದಿನ ಜೂನ್ ತಿಂಗಳವರೆಗೆ ನಾವಿಬ್ಬರೂ ಹಲವು ಅಭ್ಯಾಸಕ್ರಮಗಳನ್ನು ಒಂದಾದ ಮೇಲೊಂದರಂತೆ ಕೆಲವು ವಾರ ಪಾಲಿಸಿ, ಯಾವುದರಿಂದ ಏನಾಯಿತು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆವು. ಈ ಹೋಲಿಕೆ ಆ ನೋಟ್‌ಬುಕ್ಕಿನದು.

ಮೊದಲು ಪರೀಕ್ಷೆಯ ಸ್ವರೂಪವನ್ನು ಹೇಳಬೇಕು, ಏಕೆಂದರೆ ಯಾವ ಅಭ್ಯಾಸಕ್ಕೆ ಎಷ್ಟು ಸಮಯ ಕೊಡಬೇಕೆಂಬುದು ಅದರಿಂದಲೇ ನಿರ್ಧಾರವಾಗುತ್ತದೆ. 2024ರಲ್ಲಿ ಗಾವೊಕಾವೊಗೆ ಹೆಸರು ನೋಂದಾಯಿಸಿದವರು 1.34 ಕೋಟಿ ಮಂದಿ. ಜಿಯಾಂಗ್ಸುವಿನಲ್ಲಿ ಇಂಗ್ಲಿಷ್ ಪತ್ರಿಕೆ ಜೂನ್ 8ರ ಮಧ್ಯಾಹ್ನ 3ರಿಂದ 5 ಗಂಟೆಯವರೆಗೆ, ಒಟ್ಟು 150 ಅಂಕಗಳಿಗೆ. ಆಲಿಸಿ ಉತ್ತರಿಸುವ ಭಾಗಕ್ಕೆ 20 ಪ್ರಶ್ನೆಗಳು, ಪ್ರಶ್ನೆಗೆ ಒಂದೂವರೆ ಅಂಕದಂತೆ 30 ಅಂಕಗಳು. ಓದಿ ಉತ್ತರಿಸುವ ಭಾಗದಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ಅಪಠಿತ ಗದ್ಯಗಳಿಗೆ 15 ಪ್ರಶ್ನೆಗಳು. ಅವುಗಳ ನಂತರ ಐದು ಬಿಟ್ಟ ಸ್ಥಳಗಳಿಗೆ ಏಳು ವಾಕ್ಯಗಳಿಂದ ಸರಿಯಾದುವನ್ನು ಆರಿಸುವ ಇನ್ನೊಂದು ಭಾಗ. ಪ್ರತಿ ಪ್ರಶ್ನೆಗೆ ಎರಡೂವರೆ ಅಂಕದಂತೆ ಒಟ್ಟು 50. ಉಳಿದ 70 ಅಂಕಗಳು ವ್ಯಾಕರಣ, ಪದಪ್ರಯೋಗ ಮತ್ತು ಬರವಣಿಗೆಗೆ ಸೇರಿದವು, ಆ ವಿಷಯಕ್ಕೆ ನಾನು ಇಲ್ಲಿ ಹೋಗುವುದಿಲ್ಲ.

ಆಲಿಸುವ ಭಾಗದಲ್ಲಿ ಮೊದಲ ಐದು ಸಣ್ಣ ಸಂಭಾಷಣೆಗಳನ್ನು ಒಂದೇ ಸಲ ಕೇಳಿಸುತ್ತಾರೆ. ಆಮೇಲಿನ ಐದು ತುಣುಕುಗಳನ್ನು ಎರಡೆರಡು ಸಲ. ಆರಂಭಕ್ಕೆ ಮುನ್ನ ಒಂದು ಮಾದರಿ ಪ್ರಶ್ನೆ ಬರುತ್ತದೆ: ಶರ್ಟಿನ ಬೆಲೆ ಎಷ್ಟು? ಉತ್ತರ, ಒಂಬತ್ತು ಪೌಂಡ್ ಹದಿನೈದು ಪೆನ್ಸ್. ಚೀನಾದಲ್ಲಿ ಓದಿದ ಯಾರನ್ನು ಕೇಳಿದರೂ ಈ ಬೆಲೆ ಬಾಯಿಪಾಠವಾಗಿರುತ್ತದೆ. ಅದನ್ನು ಓದುತ್ತಿರುವಾಗ ಮುಂದಿನ ಐದು ಪ್ರಶ್ನೆಗಳ ಮೇಲೆ ಕಣ್ಣಾಡಿಸಿ ಮುಖ್ಯ ಪದಗಳಿಗೆ ಗೆರೆ ಎಳೆದುಕೊಳ್ಳುವುದು ಅಲ್ಲಿನ ವಿದ್ಯಾರ್ಥಿಗಳಿಗೆ ಗೊತ್ತಿರುವ ಜಾಣತನ.

ನಾವು ಹೋಲಿಸಿದ ಮೊದಲ ಜೋಡಿ, ಹೆಚ್ಚು ಪ್ರಶ್ನೆಪತ್ರಿಕೆಗಳನ್ನು ಬಿಡಿಸುವುದು ಮತ್ತು ಕಡಿಮೆ ಕೇಳಿ ಆಳವಾಗಿ ಕೇಳುವುದು. ಮೊದಲನೆಯದನ್ನು ಅಲ್ಲಿ ಶುವಾಟಿ ಎನ್ನುತ್ತಾರೆ. ಬ್ರಷ್ಷಿನಿಂದ ಉಜ್ಜಿದ ಹಾಗೆ ಒಂದರ ಹಿಂದೊಂದು ಪ್ರಶ್ನೆಗಳನ್ನು ಉಜ್ಜಿ ಮುಗಿಸುವುದು ಎಂಬ ಅರ್ಥದಲ್ಲಿ. ಎರಡನೆಯದು ಜಿಂಗ್‌ಟಿಂಗ್, ಸೂಕ್ಷ್ಮವಾಗಿ ಆಲಿಸುವುದು. ನಮ್ಮ ಶಾಲೆಗಳ ಉಕ್ತಲೇಖನಕ್ಕೆ ಬಹಳ ಹತ್ತಿರದ ಕ್ರಮ. ಸೆಪ್ಟೆಂಬರಿನ ಮೊದಲ ಪರೀಕ್ಷೆಯಲ್ಲಿ ಅವಳಿಗೆ 20ಕ್ಕೆ 12 ಸರಿಯಾಗಿದ್ದವು. ಐದು ವಾರ ಶುವಾಟಿ ನಡೆಯಿತು, ಪ್ರತಿ ರಾತ್ರಿ ಒಂದು ಪೂರ್ತಿ ಆಲಿಸುವ ಭಾಗ, ಸುಮಾರು 20 ನಿಮಿಷ. ಅಂಕಗಳು 12, 14, 13, 12, 13 ಎಂದು ಅಲ್ಲಲ್ಲೇ ಸುತ್ತುತ್ತಿದ್ದವು. ಅವಳು ತಪ್ಪಿಗೆ ಕೆಂಪು ಗುರುತು ಹಾಕಿ, ಸರಿಯುತ್ತರ ಬರೆದು ಮುಂದೆ ಹೋಗುತ್ತಿದ್ದಳು. ತಪ್ಪಿದ್ದು ಏಕೆಂದು ಕೇಳಿದರೆ ಪ್ರತಿ ಸಲವೂ ಬರುತ್ತಿದ್ದ ಉತ್ತರ ಒಂದೇ: ‘ಅವರು ಬಹಳ ವೇಗವಾಗಿ ಮಾತಾಡಿದರು, ಆಯೀ.’

ಅಕ್ಟೋಬರಿನ ನಡುವಿನಿಂದ ಜಿಂಗ್‌ಟಿಂಗ್ ಹಿಡಿದೆವು. ಮೊದಲು ಪರೀಕ್ಷೆಯಂತೆಯೇ ಉತ್ತರಿಸುವುದು. ಆಮೇಲೆ ತಪ್ಪಿದ ಸಂಭಾಷಣೆಯನ್ನಷ್ಟೇ ತೆಗೆದುಕೊಂಡು ವಾಕ್ಯ ವಾಕ್ಯಕ್ಕೂ ನಿಲ್ಲಿಸಿ ಕೇಳಿದ್ದನ್ನು ಬರೆಯುವುದು; ನಾಲ್ಕು ಸಲಕ್ಕಿಂತ ಹೆಚ್ಚು ಕೇಳಬಾರದು, ಕೇಳಿಸದ ಪದದ ಜಾಗವನ್ನು ಖಾಲಿ ಬಿಡಬೇಕು. ಕೊನೆಗೆ ಮುದ್ರಿತ ಪಾಠದೊಂದಿಗೆ ಹೋಲಿಸಿ, ಧ್ವನಿಯ ಜೊತೆಜೊತೆಗೇ ಗಟ್ಟಿಯಾಗಿ ಓದುವುದು. ಒಂದು ನಿಮಿಷದ ಧ್ವನಿಗೆ ಆರಂಭದಲ್ಲಿ ಅರ್ಧ ಗಂಟೆ ಹಿಡಿಯುತ್ತಿತ್ತು. ರಾತ್ರಿ ಹತ್ತರವರೆಗೆ ಶಾಲೆಯಲ್ಲೇ ಕುಳಿತು ಓದಬೇಕಾದ ಮಗುವಿಗೆ ಅರ್ಧ ಗಂಟೆ ಎಂದರೆ ಸಣ್ಣ ಮಾತಲ್ಲ, ಆದ್ದರಿಂದ ಈ ಕ್ರಮದ ದೊಡ್ಡ ದೋಷ ಅದೇ ಎಂದು ಒಪ್ಪಿಕೊಳ್ಳುತ್ತೇನೆ.

ಆದರೆ ಆ ಖಾಲಿ ಜಾಗಗಳು ಹೇಳಿದ್ದನ್ನು ಕೆಂಪು ಗುರುತುಗಳು ಎಂದೂ ಹೇಳಿರಲಿಲ್ಲ. ಒಂದು ಸಂಭಾಷಣೆಯಲ್ಲಿ ಗಂಡಸು ‘ಐ ವುಡ್ ಹ್ಯಾವ್ ಕಾಲ್ಡ್ ಯು’ ಎನ್ನುತ್ತಾನೆ. ಅವಳ ಹಾಳೆಯಲ್ಲಿ ‘ಐ’ ಇತ್ತು, ಖಾಲಿ ಜಾಗವಿತ್ತು, ಮತ್ತೆ ‘ಕಾಲ್ಡ್ ಯು’ ಇತ್ತು. ಹಾಗಾಗಿ ಅವನು ಫೋನ್ ಮಾಡಿದ್ದಾನೆ ಎಂಬ ಉತ್ತರವನ್ನು ಗುರುತಿಸಿದ್ದಳು. ನಿಜವಾಗಿ ಅವನು ಮಾಡಿಯೇ ಇರಲಿಲ್ಲ. ‘ವುಡ್’ ಮತ್ತು ‘ಹ್ಯಾವ್’ ಎರಡೂ ಅವಳಿಗೆ ಚಿಕ್ಕಂದಿನಿಂದ ಗೊತ್ತಿರುವ ಪದಗಳು, ಆದರೆ ಮಾತಿನಲ್ಲಿ ಅವು ಒಂದಕ್ಕೊಂದು ಅಂಟಿ ‘ವುಡವ್’ ಎಂದು ಕರಗಿದಾಗ ಅವಳ ಕಿವಿಗೆ ಅಲ್ಲಿ ಏನೂ ಇರಲಿಲ್ಲ. ಒಂದು ತಿಂಗಳ ಖಾಲಿ ಜಾಗಗಳನ್ನು ನಾವು ವಿಂಗಡಿಸಿ ನೋಡಿದೆವು. ಗೊತ್ತಿಲ್ಲದ ಪದಗಳು ಕೆಲವೇ. ಗೊತ್ತಿದ್ದೂ ಕೇಳಿಸದ ಸಣ್ಣ ಪದಗಳೇ ಬಹುಪಾಲು. ವೇಗ ಎಂದು ಅವಳು ದೂರುತ್ತಿದ್ದದ್ದು ವೇಗವಾಗಿರಲಿಲ್ಲ, ಪದಗಳ ನಡುವಿನ ಸಂಧಿಯಾಗಿತ್ತು.

ಈ ತೊಂದರೆಯ ಬೇರು ನನಗೆ ಪರಿಚಿತವಾದದ್ದು. ಚೀನೀ ಉಚ್ಚಾರಾಂಶಗಳು ಸ್ವರದಲ್ಲಿ ಮುಗಿಯುತ್ತವೆ, ಇಲ್ಲವೇ ಅನುನಾಸಿಕದಲ್ಲಿ. ‘ಲೆಫ್ಟ್’, ‘ಆಸ್ಕ್‌ಡ್’ ಎಂಬಂತಹ ವ್ಯಂಜನಗಳ ಗುಂಪು ಕೊನೆಯಲ್ಲಿ ಬರುವುದಿಲ್ಲ. ನಮ್ಮ ಮಾತೂ ಸ್ವರಾಂತವೇ. ಬಸ್ಸು, ಕಾರು, ಪೆನ್ನು ಎಂದು ಉಕಾರ ಕೂಡಿಸಿಯೇ ಇಂಗ್ಲಿಷ್ ಪದಗಳನ್ನು ಮನೆಗೆ ಕರೆದುಕೊಂಡವರು ನಾವು. ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಕೂಡ ಪದದ ತುದಿಯ ‘ಟ್’, ‘ಡ್’ಗಳನ್ನು ಬಹಳ ಕಾಲ ಕೇಳಿಸಿಕೊಂಡಿರಲಿಲ್ಲ, ಆದ್ದರಿಂದ ಅವಳ ಹಾಳೆಯ ಖಾಲಿ ಜಾಗಗಳನ್ನು ನೋಡಿದಾಗ ಅವಳು ಎಲ್ಲಿ ಎಡವಿದ್ದಾಳೆಂದು ವಿವರಿಸುವುದು ನನಗೆ ಕಷ್ಟವಾಗಲಿಲ್ಲ. ಡಿಸೆಂಬರಿನ ಕೊನೆಗೆ ಅವಳ ಅಂಕ 16ಕ್ಕೆ ಏರಿತು, ಚೀನೀ ಹೊಸ ವರ್ಷದ ರಜೆಯ ನಂತರ 17ರಿಂದ ಕೆಳಗಿಳಿದದ್ದು ಅಪರೂಪ. ಶುವಾಟಿಯನ್ನು ಪೂರ್ತಿ ಬಿಡಲಿಲ್ಲ. ವಾರಕ್ಕೆ ಎರಡು ಪೂರ್ಣ ಪತ್ರಿಕೆ, ಮೂರು ರಾತ್ರಿ ಉಕ್ತಲೇಖನ ಎಂಬ ಹಂಚಿಕೆ ನಮಗೆ ಸರಿಹೊಂದಿತು.

ಇದರ ನಡುವೆ ಇನ್ನೆರಡು ಉಪಾಯಗಳನ್ನೂ ನೋಡಿದೆವು. ಒಂದು, ಊಟ ಮಾಡುವಾಗ, ಬಟ್ಟೆ ಮಡಚುವಾಗ ಇಂಗ್ಲಿಷ್ ಧ್ವನಿಯನ್ನು ಹಿನ್ನೆಲೆಯಲ್ಲಿ ಹಾಕಿಟ್ಟು ಕಿವಿ ಪಳಗಿಸುವುದು. ಅದು ಮನಸ್ಸಿಗೆ ಹಗುರ, ಆದರೆ ಮೂರು ವಾರದಲ್ಲಿ ಅಂಕದ ಮೇಲೆ ಯಾವ ಪರಿಣಾಮವೂ ಕಾಣಲಿಲ್ಲ. ಇನ್ನೊಂದು, ಧ್ವನಿಯನ್ನು 1.2 ಪಟ್ಟು ವೇಗದಲ್ಲಿ ಕೇಳಿ ಆಮೇಲೆ ಸಹಜ ವೇಗಕ್ಕೆ ಮರಳುವುದು. ಮರಳಿದಾಗ ಎಲ್ಲವೂ ನಿಧಾನವೆನಿಸಿ ಧೈರ್ಯ ಬರುವುದು ನಿಜ. ತಪ್ಪುಗಳು ಮಾತ್ರ ಅವೇ ಸಂಧಿಗಳಲ್ಲಿ ಉಳಿದವು.

ಇಯರ್‌ಫೋನಿನಲ್ಲಿ ಕೇಳುವುದೋ ಸ್ಪೀಕರಿನಲ್ಲೋ ಎಂಬುದು ಕ್ಷುಲ್ಲಕ ಪ್ರಶ್ನೆಯೆಂದು ಮೊದಲು ತಿಳಿದಿದ್ದೆ, ಅದು ನನ್ನ ತಪ್ಪು. ಅವಳ ಶಾಲೆಯಲ್ಲಿ ಪರೀಕ್ಷೆಯ ಧ್ವನಿ ಬರುವುದು ತರಗತಿಯ ಗೋಡೆಯ ಸ್ಪೀಕರಿನಿಂದ. ಮನೆಯಲ್ಲಿ ಇಯರ್‌ಫೋನಿನಲ್ಲಿ 17 ಪಡೆದ ವಾರವೇ ಶಾಲೆಯ ಅಣಕು ಪರೀಕ್ಷೆಯಲ್ಲಿ 14ಕ್ಕೆ ಇಳಿದಳು. ಗಾವೊಕಾವೊ ದಿನಗಳಲ್ಲಿ ಪರೀಕ್ಷಾ ಕೇಂದ್ರಗಳ ಸುತ್ತ ಹಾರ್ನ್ ಮಾಡುವುದನ್ನೂ ಕಟ್ಟಡ ಕೆಲಸವನ್ನೂ ನಿಲ್ಲಿಸುತ್ತಾರೆ, ಆದರೆ ಕೋಣೆಯೊಳಗೆ ಕುರ್ಚಿ ಸರಿಯುವ ಸದ್ದು, ಕೆಮ್ಮು, ಹಾಳೆ ತಿರುವುವ ಸದ್ದು ಇದ್ದೇ ಇರುತ್ತವೆ. ಮಾರ್ಚ್ ನಂತರ ಸ್ಪೀಕರನ್ನು ಹಜಾರದ ಆ ತುದಿಗಿಟ್ಟು, ಕಿಟಕಿ ತೆರೆದಿಟ್ಟು ಕೇಳಿದೆವು, ಉಕ್ತಲೇಖನಕ್ಕೆ ಮಾತ್ರ ಇಯರ್‌ಫೋನ್ ಉಳಿಸಿಕೊಂಡೆವು.

ಓದುವ ಭಾಗದಲ್ಲಿ ಎಲ್ಲರೂ ವಾದಿಸುವ ವಿಷಯ, ಮೊದಲು ಪ್ರಶ್ನೆ ಓದಬೇಕೋ ಗದ್ಯ ಓದಬೇಕೋ ಎಂಬುದು. ಎ ಗದ್ಯ ಸಾಮಾನ್ಯವಾಗಿ ಜಾಹೀರಾತು, ವೇಳಾಪಟ್ಟಿ, ಪ್ರವೇಶ ಶುಲ್ಕದ ವಿವರಗಳಂತಹದು; ಅಲ್ಲಿ ಪ್ರಶ್ನೆಯನ್ನು ಮೊದಲು ಓದಿದರೆ ಸಮಯ ಉಳಿಯುತ್ತದೆ. ಬಿ ಬಹುಮಟ್ಟಿಗೆ ಒಬ್ಬರ ಅನುಭವ ಕಥನ. ಅದಕ್ಕೆ ಗದ್ಯವೇ ಮೊದಲು. ಸಿ ಮತ್ತು ಡಿಗಳಲ್ಲಿ ನಾಲ್ಕೂ ಆಯ್ಕೆಗಳನ್ನು ಮೊದಲೇ ಓದಿದಾಗ ತಪ್ಪು ಆಯ್ಕೆಗಳು ತಲೆಯಲ್ಲಿ ಕುಳಿತು ಗದ್ಯವನ್ನೇ ಓರೆಯಾಗಿ ಕಾಣಿಸಿದವು, ಆದ್ದರಿಂದ ಪ್ರಶ್ನೆಯ ಸಾಲನ್ನು ಮಾತ್ರ ನೋಡಿ, ಆಯ್ಕೆಗಳನ್ನು ಕೈಯಿಂದ ಮುಚ್ಚಿ, ಗದ್ಯಕ್ಕೆ ಹೋಗುವುದು ನಮಗೆ ಒಗ್ಗಿತು.

ಆದರೆ ಡಿ ಗದ್ಯದಲ್ಲಿ ಅವಳು ಅಂಕ ಕಳೆದುಕೊಳ್ಳುತ್ತಿದ್ದದ್ದು ಕ್ರಮದಿಂದಲ್ಲ, ಉದ್ದನೆಯ ವಾಕ್ಯಗಳಿಂದ. ಇಲ್ಲಿ ಎರಡು ಅಭ್ಯಾಸಗಳನ್ನು ಹೋಲಿಸಿದೆವು. ದಿನಕ್ಕೆ 50 ಪದಗಳನ್ನು ಉರು ಹೊಡೆಯುವುದು ಒಂದು. ದಿನಕ್ಕೆ ಎರಡೇ ಉದ್ದ ವಾಕ್ಯಗಳನ್ನು ಬಿಡಿಸುವುದು ಇನ್ನೊಂದು. ಪಠ್ಯಕ್ರಮ ಗಾವೊಕಾವೊಗೆ ನಿಗದಿ ಮಾಡಿರುವ ಪದಪಟ್ಟಿ ಸುಮಾರು 3,000 ಪದಗಳದು, ಅದರ ಬಹುಭಾಗ ಅವಳಿಗೆ ಆಗಲೇ ಗೊತ್ತಿತ್ತು. ಉರು ಹೊಡೆದ ಹೊಸ ಪದಗಳು ಡಿ ಗದ್ಯದಲ್ಲಿ ನೆರವಾದದ್ದು ಕಡಿಮೆ. ಸಿಕ್ಕು ಬೀಳುತ್ತಿದ್ದದ್ದು ವಾಕ್ಯರಚನೆಯಲ್ಲಿ. ‘ನಿಲ್ದಾಣದ ಗಡಿಯಾರ ರಿಪೇರಿ ಮಾಡಿದ ಮನುಷ್ಯ’ ಎಂದು ನಾವು ಹೇಳುತ್ತೇವೆ, ಚೀನೀಯರೂ ಇದೇ ರೀತಿ ವಿವರಣೆಯನ್ನೆಲ್ಲ ಮುಂದಿಟ್ಟು ಮನುಷ್ಯನನ್ನು ಕೊನೆಗೆ ತರುತ್ತಾರೆ. ಇಂಗ್ಲಿಷಿನಲ್ಲಿ ಮನುಷ್ಯ ಮೊದಲು ಬಂದು, ಅವನ ಹಿಂದೆ ‘ಹೂ’ (who) ಎಂಬ ಕೊಕ್ಕೆಗೆ ಗಡಿಯಾರವೂ ನಿಲ್ದಾಣವೂ ತೂಗಿಕೊಂಡು, ಅವನು ಮಾಡಿದ ಮುಖ್ಯ ಕೆಲಸ ಎಲ್ಲೋ ದೂರದಲ್ಲಿ ಬರುತ್ತದೆ. ಅಷ್ಟು ಹೊತ್ತಿಗೆ ಅವಳು ನಿಲ್ದಾಣವನ್ನೇ ಕರ್ತೃವೆಂದು ಭಾವಿಸಿರುತ್ತಿದ್ದಳು. ಮುಖ್ಯ ಕ್ರಿಯಾಪದಕ್ಕೆ ಸುತ್ತು ಹಾಕು, ಕೊಕ್ಕೆಗೆ ತೂಗಿದ್ದನ್ನು ಆವರಣದಲ್ಲಿಡು, ಉಳಿದದ್ದನ್ನು ಮಾತ್ರ ಮೊದಲು ಓದು ಎಂಬ ನಿಯಮ ಮಾಡಿಕೊಂಡೆವು. ಎರಡು ತಿಂಗಳಲ್ಲಿ ಡಿ ಗದ್ಯಕ್ಕೆ ಬೇಕಾಗುತ್ತಿದ್ದ 13 ನಿಮಿಷ 9ಕ್ಕೆ ಇಳಿಯಿತು, ನಾಲ್ಕರಲ್ಲಿ ಎರಡು ಸರಿಯಾಗುತ್ತಿದ್ದುದು ಮೂರಕ್ಕೆ ನಿಂತಿತು.

ಫೋನಿನ ಪರದೆಯಲ್ಲಿ ಓದುವುದೋ ಕಾಗದದಲ್ಲೋ ಎಂಬುದಕ್ಕೆ ಹೆಚ್ಚು ಪರೀಕ್ಷೆ ಬೇಕಾಗಲಿಲ್ಲ. ಪರದೆಯ ಮೇಲೆ ಸುತ್ತು, ಆವರಣ ಹಾಕಲಾಗುವುದಿಲ್ಲ, ಹಿಂದಿನ ಸಾಲಿಗೆ ಕಣ್ಣು ಮರಳುವುದಿಲ್ಲ, ಅದೂ ಅಲ್ಲದೆ ಅವಳ ಶಾಲೆಗೆ ಫೋನ್ ಒಯ್ಯುವಂತಿಲ್ಲ. 2024ರ ಪತ್ರಿಕೆಯ ಸಿ ಗದ್ಯ ಇದೇ ವಿಷಯದ್ದಾಗಿತ್ತು: ಪರದೆಯಲ್ಲಿ ಓದಿದಾಗಲೂ ಕಾಗದದಲ್ಲಿ ಓದಿದಾಗಲೂ ಗ್ರಹಿಕೆ ಒಂದೇ ಆಗಿರುತ್ತದೆಯೇ ಎಂಬ ಪ್ರಶ್ನೆಯಿಂದಲೇ ಅದು ತೊಡಗುತ್ತದೆ.

ಹಳೆಯ ಅಸಲಿ ಪತ್ರಿಕೆಗಳನ್ನೂ ಪ್ರಕಾಶಕರ ಮಾದರಿ ಪತ್ರಿಕೆಗಳನ್ನೂ ಹೋಲಿಸಿದಾಗ ನನ್ನ ಒಲವು ಪೂರ್ತಿಯಾಗಿ ಅಸಲಿ ಪತ್ರಿಕೆಗಳ ಕಡೆಗಿದೆ. ಅಸಲಿ ಪತ್ರಿಕೆಯಲ್ಲಿ ಸರಿಯುತ್ತರಕ್ಕೆ ಗದ್ಯದ ಯಾವುದೋ ಸಾಲಿನಲ್ಲಿ ಆಧಾರ ಇದ್ದೇ ಇರುತ್ತದೆ, ಬೆರಳಿಟ್ಟು ತೋರಿಸಬಹುದು. ಮಾದರಿ ಪತ್ರಿಕೆಗಳ ಒಂದು ಸಂಕಲನದಲ್ಲಿ ಎರಡು ಆಯ್ಕೆಗಳು ಸಮನಾಗಿ ಸರಿಯಿದ್ದ ಪ್ರಶ್ನೆಗಳು ಹಲವು ಸಿಕ್ಕವು. ಒಂದು ಕಡೆ ಉತ್ತರಸೂಚಿಯೇ ತಪ್ಪಿತ್ತು, ಅದನ್ನು ನಂಬಿ ಅವಳು ತನ್ನ ಸರಿಯುತ್ತರವನ್ನು ಅಳಿಸಿ ಬರೆದಿದ್ದಳು. ಅದು ನನಗೆ ಬಹಳ ನೋವು ಕೊಟ್ಟಿತು. ತನ್ನ ಓದಿನ ಮೇಲೆ ಈಗಷ್ಟೇ ನಂಬಿಕೆ ಕಟ್ಟಿಕೊಳ್ಳುತ್ತಿರುವ ಮಗುವಿನ ಕೈಗೆ ಅಂತಹ ಪುಸ್ತಕ ಹೋಗಬಾರದು. ಅಸಲಿ ಪತ್ರಿಕೆಗಳ ಕೊರತೆಯೆಂದರೆ ಸಂಖ್ಯೆ. ಜಿಯಾಂಗ್ಸು 2021ರಲ್ಲಿ ರಾಷ್ಟ್ರೀಯ ಪತ್ರಿಕೆಗೆ ಬದಲಾಯಿತು. ಅದಕ್ಕೂ ಹಿಂದಿನ ಪ್ರಾಂತೀಯ ಪತ್ರಿಕೆಗಳು 120 ಅಂಕಗಳವು, ವಿನ್ಯಾಸವೂ ಬೇರೆ. ಅವುಗಳ ಗದ್ಯಗಳನ್ನು ವಾಕ್ಯ ಬಿಡಿಸಲು ಬಳಸಿಕೊಂಡೆವು, ಗಡಿಯಾರ ಇಟ್ಟು ಬರೆಯಲು ಬಳಸಲಿಲ್ಲ. 2021ರ ನಂತರದ ಪತ್ರಿಕೆಗಳನ್ನು ಏಪ್ರಿಲ್‌ವರೆಗೆ ಮುಟ್ಟದೆ ಇಟ್ಟುಕೊಂಡು, ಆಮೇಲೆ ಒಂದೊಂದನ್ನು ಎರಡೆರಡು ಸಲ ಬರೆದಳು. ಎರಡನೆಯ ಸಲ ಪ್ರತಿ ಉತ್ತರದ ಪಕ್ಕದಲ್ಲಿ ಆಧಾರದ ಸಾಲಿನ ಸಂಖ್ಯೆ ಬರೆಯಬೇಕಿತ್ತು.

ಕೊನೆಯ ಹೋಲಿಕೆ ಗಂಟೆಯದು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬರೆದ ಪತ್ರಿಕೆಗಳಿಗಿಂತ ಮಧ್ಯಾಹ್ನ ಮೂರಕ್ಕೆ ಬರೆದವುಗಳಲ್ಲಿ ಮೊದಲ ಐದು ಪ್ರಶ್ನೆಗಳು, ಒಂದೇ ಸಲ ಕೇಳಿಸುವಂತಹವು, ಹೆಚ್ಚು ತಪ್ಪುತ್ತಿದ್ದವು. ಅಲ್ಲಿನ ಮಕ್ಕಳಿಗೆ ಊಟದ ನಂತರ ಮೇಜಿನ ಮೇಲೆ ತಲೆಯಿಟ್ಟು ಮಲಗುವ ರೂಢಿಯಿದೆ, ನಿದ್ದೆಯ ಮಂಪರು ಪೂರ್ತಿ ಇಳಿಯುವ ಮೊದಲೇ ಧ್ವನಿ ಆರಂಭವಾಗಿಬಿಡುತ್ತಿತ್ತು. ಮೇ ತಿಂಗಳಲ್ಲಿ ಎಲ್ಲ ಪೂರ್ಣ ಪತ್ರಿಕೆಗಳನ್ನೂ ಮೂರಕ್ಕೇ ಇಟ್ಟೆವು. ಆಲಿಸುವ ಭಾಗ ಇರುವುದರಿಂದ ಇಂಗ್ಲಿಷ್ ಪರೀಕ್ಷೆಗೆ 2.45ರ ನಂತರ ಯಾರನ್ನೂ ಒಳಗೆ ಬಿಡುವುದಿಲ್ಲ, ಆದ್ದರಿಂದ ಅವಳು ಒಂದೂವರೆಗೆ ಎದ್ದು, ಮುಖ ತೊಳೆದು, ಹಿಂದಿನ ರಾತ್ರಿ ಉಕ್ತಲೇಖನ ಮಾಡಿದ ಒಂದು ಸಂಭಾಷಣೆಯನ್ನು ಎರಡು ಸಲ ಗಟ್ಟಿಯಾಗಿ ಓದಿ, 2.40ಕ್ಕೆ ನಮ್ಮ ಹಜಾರದ ಮೇಜಿನ ಮುಂದೆ ಬಂದು ಕೂರುತ್ತಿದ್ದಳು. ಜೂನ್ 8ರಂದು ಪರೀಕ್ಷೆಗೆ ಹೊರಡುವ ಮುನ್ನವೂ ಅವಳ ಕೋಣೆಯಿಂದ ಅದೇ ಓದು ಎರಡು ಸಲ ಕೇಳಿಸಿತು. ‘ವುಡವ್’ ಎಂಬಲ್ಲಿ ಎಲ್ಲಿಯೂ ತಡೆಯಲಿಲ್ಲ.