ಒಮೇಗಾ ಕಾನ್‌ಸ್ಟಲೇಷನ್ 168.005: ಮೊದಲು ಡಯಲ್ ನೋಡಿ, ಆಮೇಲೆ ಬೆಲೆ ಕೇಳಿ

ಸ್ವಿಸ್ ಕಂಪನಿ ಒಮೇಗಾದ 1960ರ ದಶಕದ ಕೈಗಡಿಯಾರಗಳಲ್ಲಿ ಇವತ್ತಿಗೂ ದಿನಾ ಕಟ್ಟಿಕೊಂಡು ಓಡಾಡಬಹುದಾದ ಮಾಡೆಲ್ 168.005. ಸುಮಾರು 34.5 ಮಿ.ಮೀ. ಕೇಸು, 18 ಮಿ.ಮೀ. ಪಟ್ಟಿ, ಆಟೊಮ್ಯಾಟಿಕ್ (ಕೈಯ ಚಲನೆಯಿಂದಲೇ ಕೀಲಿ ತುಂಬಿಕೊಳ್ಳುವುದು), ತಾರೀಕಿನ ಕಿಂಡಿ, ಕ್ರೊನೊಮೀಟರ್ (ನಿಖರತೆಯ ಪರೀಕ್ಷೆ ಪಾಸಾದ ವಾಚು) ಪ್ರಮಾಣಪತ್ರ ಪಡೆದ ಮಿಷನ್. ಪೂರ್ತಿ ನಕಲಿ ಸಿಗುವುದು ಕಡಿಮೆಯೇ. ಬಣ್ಣ ಬಳಿದ ಡಯಲ್, ಒಮೇಗಾದ್ದೇ ಇನ್ನೊಂದು ಮಾಡೆಲ್ ಸೀಮಾಸ್ಟರ್‌ನಿಂದ ಕಿತ್ತು ಕೂರಿಸಿದ ಮಿಷನ್, ಉಜ್ಜಿ ಉಜ್ಜಿ ಆಕಾರ ಕಳೆದುಕೊಂಡ ಕೇಸು, ಇವು ಮಾತ್ರ ಧಾರಾಳ. ಆನ್‌ಲೈನ್ ಹರಾಜುಗಳಲ್ಲಿ ಭಾರತದಿಂದ ಮಾರಾಟಕ್ಕೆ ಬರುವ ‘ಹೊಚ್ಚ ಹೊಸದರಂತಿರುವ’ ಹಳೆಯ ಡಯಲ್‌ಗಳ ಬಗ್ಗೆಯಂತೂ ಮೊದಲು ಅನುಮಾನವನ್ನೇ ಪಡಬೇಕು.

ಈ ವಾಚಿನ ಬೆಲೆಯೆಲ್ಲ ಕೂತಿರುವುದು ಡಯಲ್ ಮೇಲೆ. ಬೋರಲು ಹಾಕಿದ ತಟ್ಟೆಯಂತೆ ನಡುಭಾಗ ಸಮತಟ್ಟಾಗಿದ್ದು ಅಂಚು ಕೆಳಗೆ ಇಳಿಯುತ್ತದೆ. ಆ ಇಳಿಜಾರಿನಲ್ಲಿ ಹನ್ನೆರಡು ಮುಖಗಳು. ಸಂಗ್ರಾಹಕರು ‘ಪೈ ಪ್ಯಾನ್’ ಎನ್ನುವುದು ಇದನ್ನೇ. 10 ಪಟ್ಟು ಹಿಗ್ಗಿಸುವ ಲೂಪ್ ಹಿಡಿದು, ದೀಪವನ್ನು ಒಂದು ಬದಿಯಿಂದ ಓರೆಯಾಗಿ ಬೀಳಿಸಿ ನೋಡಿ. ಮುಖ ಮುಖ ಸೇರುವ ಗೆರೆ ಚೂಪಾಗಿರಬೇಕು. ಮತ್ತೆ ಬಣ್ಣ ಹೊಡೆದಿದ್ದರೆ ಆ ಮೂಲೆಗಳು ತುಂಬಿಕೊಂಡು ಗುಂಡಗಾಗಿರುತ್ತವೆ. ಗಂಟೆಯ ಗುರುತುಗಳ ಬುಡದಲ್ಲಿ ಬಣ್ಣ ಗಟ್ಟಿಯಾಗಿ ನಿಂತಿದ್ದರೂ, ತಾರೀಕಿನ ಕಿಂಡಿಯ ಅಂಚು ಮೊಂಡಾಗಿದ್ದರೂ ಅದೇ ಕತೆ. ಆರರ ಮೇಲಿನ ನಕ್ಷತ್ರ, ಹನ್ನೆರಡರ ಕೆಳಗಿನ ಒಮೇಗಾ ಚಿಹ್ನೆ ಎರಡೂ ಲೋಹದಲ್ಲಿ ಮಾಡಿ ಕೂರಿಸಿದವು. ಅವನ್ನು ಮುದ್ರಿಸಿದ್ದರೆ ಮುಂದೆ ನೋಡುವ ಅಗತ್ಯವೇ ಇಲ್ಲ.

ಅಕ್ಷರಗಳಿಗೊಂದು ಸುಲಭ ಪರೀಕ್ಷೆ ಇದೆ, ಸಂಗ್ರಾಹಕರ ಬಾಯಲ್ಲಿ ‘ಎಂ-ಓ-ವೈ’. ಆಟೊಮ್ಯಾಟಿಕ್, ಕ್ರೊನೊಮೀಟರ್, ಅಫಿಶಿಯಲಿ ಸರ್ಟಿಫೈಡ್ ಎಂಬ ಮೂರು ಸಾಲಿನಲ್ಲಿ ಮೊದಲ ಸಾಲಿನ ‘ಎಂ’, ಎರಡನೆಯದರ ನಡುವಿನ ‘ಓ’, ಮೂರನೆಯದರ ‘ವೈ’ ಒಂದರ ಕೆಳಗೊಂದು ಬರಬೇಕು. ಕೈಯಲ್ಲಿ ಮರುಮುದ್ರಣ ಮಾಡಿದಾಗ ಸಾಲುಗಳು ಎಡಕ್ಕೋ ಬಲಕ್ಕೋ ಜಾರುತ್ತವೆ, ಅಕ್ಷರ ದಪ್ಪವಾಗುತ್ತದೆ. ಇದರಲ್ಲಿ ಪಾಸಾದ ಮಾತ್ರಕ್ಕೆ ಡಯಲ್ ಅಸಲಿ ಎಂದಲ್ಲ, ಒಳ್ಳೆಯ ಕೆಲಸಗಾರ ಇದನ್ನೂ ಸರಿಯಾಗಿ ಮಾಡಬಲ್ಲ. ಫೇಲಾದರೆ ಮಾತ್ರ ಮಾರುವವನ ಸಮಜಾಯಿಷಿ ಕೇಳುತ್ತ ಕೂರಬೇಡಿ. ತೀರ ಕೆಳಗೆ ಸ್ವಿಸ್ ಮೇಡ್ ಎಂಬುದರ ಎರಡೂ ಬದಿ ‘ಓಎಂ’ ಎಂದಿದ್ದರೆ ಗುರುತುಗಳು ಗಟ್ಟಿ ಚಿನ್ನದವು ಎಂದರ್ಥ. ಹಾಗೆ ಬರೆದೂ ಗುರುತುಗಳ ಮೇಲೆ ಲೇಪ ಎದ್ದಿದ್ದರೆ ಎಲ್ಲೋ ಎಡವಟ್ಟಾಗಿದೆ. ಗುರುತುಗಳ ನಡುವೆ ಕಪ್ಪು ಓನಿಕ್ಸ್ ಪಟ್ಟಿ ಇದ್ದರೆ ಸಾಮಾನ್ಯವಾಗಿ ಮುಳ್ಳುಗಳಲ್ಲೂ ಕಪ್ಪು ಗೆರೆ ಇರುತ್ತದೆ.

ಇನ್ನು ಹಿಂಬದಿ. ಮುಚ್ಚಳದ ಪದಕದಲ್ಲಿ ಗುಮ್ಮಟದ ವೀಕ್ಷಣಾಲಯ, ಆಕಾಶದಲ್ಲಿ ಎಂಟು ನಕ್ಷತ್ರ. ಅವು ಸವೆದು ಬರೀ ಚುಕ್ಕಿಯಾಗಿದ್ದರೆ ಕೇಸು ಪಾಲಿಶ್ ಯಂತ್ರವನ್ನು ಹಲವು ಸಲ ಕಂಡಿದೆ ಎಂದು ತಿಳಿಯಿರಿ. ಲಗ್‌ಗಳ, ಅಂದರೆ ಪಟ್ಟಿ ಸಿಕ್ಕಿಸುವ ಕೊಂಬುಗಳ, ಮೇಲಿನ ಮಡಿಕೆಯೂ ಚೂಪಾಗಿ ಉಳಿದಿರುವುದಿಲ್ಲ.

ಮುಚ್ಚಳ ತೆಗೆಸದೆ ದುಡ್ಡು ಕೊಡಬೇಡಿ. ಒಳಗೆ 168.005 ಎಂದಿರಬೇಕು. ಒಮೇಗಾದ ಈ ಸಂಖ್ಯೆಗಳಿಗೆ ಲೆಕ್ಕವಿದೆ: ಮೊದಲ 1 ಗಂಡಸರ ವಾಚು, 6 ಆಟೊಮ್ಯಾಟಿಕ್, ಮೂರನೆಯದು 6 ಆದರೆ ನೀರುನಿರೋಧಕ ಮತ್ತು ತಾರೀಕು, 8 ಆದರೆ ಅದರ ಜೊತೆಗೆ ಕ್ರೊನೊಮೀಟರ್. ಹೀಗಾಗಿ ಕಾನ್‌ಸ್ಟಲೇಷನ್ ಡಯಲ್ ಹೊತ್ತ ವಾಚಿನ ಮುಚ್ಚಳದಲ್ಲಿ 166ರಿಂದ ಶುರುವಾಗುವ ಸಂಖ್ಯೆ ಸಿಕ್ಕರೆ ಅದು ಜೋಡಿಸಿದ ಮಾಲು.

ಮಿಷನ್ ಕೆಂಪು ಛಾಯೆಯ ಚಿನ್ನದ ಬಣ್ಣದ್ದು, ಕ್ಯಾಲಿಬರ್ (ಮಿಷನ್‌ನ ಮಾಡೆಲ್ ಸಂಖ್ಯೆ) 561 ಅಥವಾ ಆಮೇಲೆ ಬಂದ 564. ಸೀಮಾಸ್ಟರ್‌ನ 562, 565 ನೋಡಲು ಇದರ ಅಣ್ಣತಮ್ಮಂದಿರೇ, ಅವುಗಳಲ್ಲೂ 24 ಜುವೆಲ್ (ಸವೆತ ತಡೆಯುವ ಪುಟ್ಟ ಹರಳು). ಆದ್ದರಿಂದ ಜುವೆಲ್ ಎಣಿಸಿ ಪ್ರಯೋಜನವಿಲ್ಲ. ಕ್ಯಾಲಿಬರ್ ಸಂಖ್ಯೆಯನ್ನೂ, ಐದು ಸ್ಥಾನ ಮತ್ತು ಉಷ್ಣತೆಗೆ ಹೊಂದಿಸಲಾಗಿದೆ ಎಂಬ ಕೆತ್ತನೆಯನ್ನೂ ಓದಿ. ಎರಡನೆಯದು ಕ್ರೊನೊಮೀಟರ್ ಮಿಷನ್‌ನ ಗುರುತು. ಮುಚ್ಚಳ ತೆಗೆಯುವ ಮೊದಲೂ ಒಂದು ಸುಳಿವು ಸಿಗುತ್ತದೆ: 564, 565ರಲ್ಲಿ ಕ್ರೌನನ್ನು (ಬದಿಯ ತಿರುಪು ಗುಂಡಿ) ಕೊನೆಯ ಹಂತಕ್ಕೆ ಎಳೆದಾಗೆಲ್ಲ ತಾರೀಕು ಒಂದೊಂದು ಮುಂದೆ ಹೋಗುತ್ತದೆ. 561 ಹಾಗೆ ಮಾಡದು. ಒಳಗಿರುವುದು 561 ಎಂದು ಹೇಳಿ ಮಾರುತ್ತಿರುವ ವಾಚು ಹಾಗೆ ಜಿಗಿದರೆ ಅಲ್ಲೇ ಸಿಕ್ಕಿಬಿದ್ದಂತೆ.

ಸೀರಿಯಲ್ ನಂಬರ್ ಇರುವುದು ಮಿಷನ್ ಮೇಲೆ. 20 ದಶಲಕ್ಷದ ಆಸುಪಾಸು ಎಂದರೆ ಸರಿಸುಮಾರು 1963, 23 ದಶಲಕ್ಷ ಎಂದರೆ 1966. ಮಿಷನ್‌ನ ಓಟ ಅಳೆಯುವ ಟೈಮ್‌ಗ್ರಾಫರ್ ಯಂತ್ರದ ಮೇಲೆ ಇಡಿಸುವಾಗ ಬಡಿತ ಗಂಟೆಗೆ 19,800, ಯಂತ್ರಕ್ಕೆ ಕೊಡಬೇಕಾದ ಲಿಫ್ಟ್ ಆ್ಯಂಗಲ್ ಎಂಬ ಅಳತೆ 49 ಡಿಗ್ರಿ ಎಂದು ಹೇಳಿ. ಯಂತ್ರದಲ್ಲಿ ಮೊದಲೇ ಇರುವ 52ನ್ನು ಹಾಗೇ ಬಿಟ್ಟರೆ 250 ಡಿಗ್ರಿಯ ಆ್ಯಂಪ್ಲಿಟ್ಯೂಡ್ (ಬ್ಯಾಲೆನ್ಸ್ ಚಕ್ರದ ತೂಗಾಟ) 265 ಎಂದು ತೋರುತ್ತದೆ, ಸರ್ವಿಸ್ ಬೇಕಾದ ಮಿಷನ್ ಆರೋಗ್ಯವಾಗಿರುವಂತೆ ಕಾಣುತ್ತದೆ. ಮುಚ್ಚಳದ ಒಳಮೈಯಲ್ಲಿ ಅರ್ಧಚಂದ್ರದ ಗೀರುಗಳಿದ್ದರೆ ಕೀಲಿ ತುಂಬುವ ತಿರುಗುಬಿಲ್ಲೆಯ, ಅಂದರೆ ರೋಟರ್‌ನ, ಅಚ್ಚು ಸವೆದಿದೆ. ಆ ರಿಪೇರಿ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ.

ಗ್ಲಾಸು, ಕ್ರೌನು ಬದಲಾಗಿದ್ದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಸಲಿ ಪ್ಲಾಸ್ಟಿಕ್ ಗ್ಲಾಸಿನ ನಟ್ಟನಡುವೆ ಲೂಪ್‌ಗೆ ಮಾತ್ರ ಕಾಣುವ ಪುಟ್ಟ ಒಮೇಗಾ ಚಿಹ್ನೆ ಇರುತ್ತದೆ, ಕ್ರೌನ್‌ಗೆ ಹತ್ತು ಮುಖ.

ಕಂಪನಿಯ ಆರ್ಕೈವ್ ಪತ್ರ ಇದೆ ಎಂದು ಮಾರುವವರು ಜೋರು ಮಾಡುತ್ತಾರೆ. ಆ ನಂಬರಿನ ಮಿಷನ್ ಯಾವ ಮಾಡೆಲ್‌ನಲ್ಲಿ ಯಾವಾಗ ತಯಾರಾಯಿತು ಎಂಬುದಷ್ಟೇ ಅದರ ವ್ಯಾಪ್ತಿ. ಈಗಿನ ಡಯಲ್ ಬಗ್ಗೆ ಅದಕ್ಕೆ ಗೊತ್ತಿಲ್ಲ. ಕಂಪನಿಯ ಒಳಗಿನವರ ಮೇಲೂ ಕಣ್ಣುಮುಚ್ಚಿ ನಂಬಿಕೆ ಬೇಡ: 2021ರ ನವೆಂಬರ್‌ನಲ್ಲಿ ಜಿನೀವಾದ ಫಿಲಿಪ್ಸ್ ಹರಾಜಿನಲ್ಲಿ 31 ಲಕ್ಷ ಸ್ವಿಸ್ ಫ್ರಾಂಕ್ ದಾಟಿದ ಒಮೇಗಾ ಸ್ಪೀಡ್‌ಮಾಸ್ಟರ್ 2915-1 ಬೇರೆ ಬೇರೆ ಬಿಡಿಭಾಗ ಸೇರಿಸಿ ಕಟ್ಟಿದ್ದು ಎಂದು 2023ರಲ್ಲಿ ಒಮೇಗಾವೇ ಹೇಳಿತು, ತನ್ನ ಮಾಜಿ ನೌಕರರೂ ಶಾಮೀಲಾಗಿದ್ದರು ಎಂದಿತು.

ಕೊಳ್ಳುವುದಾದರೆ, ಅಲ್ಲಲ್ಲಿ ಕಲೆ ಬಿದ್ದು ಬಣ್ಣ ಮಾಸಿದ ಅಸಲಿ ಡಯಲ್ಲಿನ ಸ್ಟೀಲ್ 168.005ಕ್ಕೆ ನಮ್ಮ ಓಟು. ಮುಚ್ಚಳದ ಒಳಗೆ ಮಾಡೆಲ್ ಸಂಖ್ಯೆಯ ಜೊತೆಗೆ ‘ಎಸ್‌ಟಿ’ ಎಂದಿದ್ದರೆ ಅದು ಸ್ಟೀಲ್. ಬಣ್ಣ ಬಳಿದ ಡಯಲ್ಲಿನದಕ್ಕೆ ಮಿಷನ್ ಮತ್ತು ಕೇಸಿನ ಬೆಲೆಗಿಂತ ಒಂದು ರೂಪಾಯಿಯೂ ಹೆಚ್ಚು ಬೇಡ. ನೀರು ತಡೆಯುವ ಗ್ಯಾಸ್ಕೆಟ್ ಹೊಸದಾಗಿ ಹಾಕಿಸಿದರೂ ಮಳೆಗೆ, ನಲ್ಲಿ ನೀರಿಗೆ ಒಡ್ಡಬೇಡಿ: ಒಳಗೆ ಹೋದ ತೇವ ಮೊದಲು ಹಾಳುಮಾಡುವುದು ಅದೇ ಡಯಲನ್ನು.